ಸೀರೆಯ ಮೇಲೆ ಯಾರ ಹೆಸರು? ಉಡುಪಿ ಸೀರೆಯ ಕತೆ

ಸಂಪಾಜೆ, ಕಲ್ಲುಗುಂಡಿ, ಅರಂತೋಡು, ಸುಳ್ಯ, ಪುತ್ತೂರು. ಈ ದಾರಿಯ ಯಾವ ಪೇಟೆಯಲ್ಲಿ ಬಸ್ಸಿನಿಂದ ಇಳಿದರೂ ಒಂದು ಬಟ್ಟೆ ಅಂಗಡಿ ಕಣ್ಣಿಗೆ ಬೀಳುತ್ತದೆ. ಒಳಗಿರುವ ಸೀರೆ ಹೆಚ್ಚಾಗಿ ಸೂರತ್‌ನದ್ದು, ಅಂಗಿ ಬನಿಯನು ತಿರುಪೂರಿನದ್ದು. ಅವನ್ನು ನೇಯ್ದವರು, ಹೊಲಿದವರು ಯಾರು ಎಂದು ನಾವು ಕೇಳುವುದಿಲ್ಲ. ಕೇಳಿದರೂ ಅಂಗಡಿಯವರಿಗೆ ಗೊತ್ತಿರುವುದಿಲ್ಲ.

ಈಗ ನಮ್ಮ ಕಡೆಯ ಎಷ್ಟೋ ಎಳೆಯ ದಂಪತಿಗಳ ತಲೆಯಲ್ಲಿ ಒಂದು ಯೋಚನೆ ಓಡುತ್ತಿದೆ. ಮನೆಯಲ್ಲಿ ಹೊಲಿಗೆ ಮೆಷಿನ್ ಇದೆ, ಕೈಯಲ್ಲಿ ಫೋನ್ ಇದೆ, ನಮ್ಮದೇ ಹೆಸರಿನಲ್ಲಿ ಬಟ್ಟೆ ಮಾಡಿ ಮಾರಿದರೆ ಹೇಗೆ? ಈ ಯೋಚನೆಗೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಸಂಪಾಜೆ, ಅರಂತೋಡು, ತೊಡಿಕಾನ, ಮರ್ಕಂಜದ ತೋಟಗಳಲ್ಲಿ ಹಳದಿ ರೋಗ ಕಂಗನ್ನು ತಿನ್ನುತ್ತಿದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡಿನಲ್ಲಿ ಗುಡ್ಡ ಜರಿದದ್ದನ್ನು ಕಂಡ ಮೇಲೆ ಭೂಮಿ ಒಂದನ್ನೇ ನಂಬಿ ಕೂರುವ ಧೈರ್ಯ ಹಲವರಿಗೆ ಉಳಿದಿಲ್ಲ. ಅಡಿಕೆಯ ಜೊತೆಗೆ ಇನ್ನೊಂದು ದಾರಿ ಬೇಕು.

ಹಾಗಾಗಿ ಈ ಸಲ ನಮ್ಮದೇ ಜಿಲ್ಲೆಯ ಒಂದು ಬಟ್ಟೆಯ ಚರಿತ್ರೆ ಹೇಳುತ್ತೇವೆ. ಅದು ಉಡುಪಿ ಸೀರೆ. ಹೆಸರು ಉಡುಪಿಯದಾದರೂ ನೇಯ್ಗೆ ನಮ್ಮ ದಕ್ಷಿಣ ಕನ್ನಡದಲ್ಲೂ ಇತ್ತು, ಈಗಲೂ ಇದೆ. ಮುಗಿದೇ ಹೋಯಿತು ಅನ್ನುವ ಹೊತ್ತಿಗೆ ಈ ಸೀರೆಗೆ ಮತ್ತೆ ಹೆಸರು ತಂದವರಲ್ಲಿ ಕಾರ್ಕಳದ ದಂಪತಿಯೂ ಇದ್ದಾರೆ.

ಮಗ್ಗದ ಹಿಂದೆ ಎರಡು ಜೋಡಿ ಕೈ

ಕೈಮಗ್ಗ ಒಬ್ಬರ ಕೆಲಸವಲ್ಲ. ಒಬ್ಬರು ಮಗ್ಗದಲ್ಲಿ ಕೂತು ಲಾಳಿ ಹಾಯಿಸಬೇಕಾದರೆ ಇನ್ನೊಬ್ಬರು ನೂಲು ಬಿಡಿಸಿ, ರಾಟೆ ತಿರುಗಿಸಿ, ಕಂಡಿಕೆ ಸುತ್ತಿ ಕೊಡಬೇಕು. ಹಾಸು ಹಚ್ಚುವ ದಿನ ಮನೆಮಂದಿಯೆಲ್ಲ ಬೇಕು. ಸೀರೆ ಮಾರಿದಾಗ ನೇಕಾರನ ಹೆಸರು ಹೇಳುತ್ತಾರೆ, ಕಂಡಿಕೆ ಸುತ್ತಿದವಳ ಹೆಸರು ಹೇಳುವುದಿಲ್ಲ. ಇಲ್ಲಿ ಗಂಡ ಹೆಂಡತಿ ಸೇರಿ ದುಡಿಯುವುದು ಹೊಸ ಸಂಗತಿಯೇನಲ್ಲ.

ಕನ್ನಡದಲ್ಲಿ ಇದಕ್ಕೆ ದೊಡ್ಡ ಉದಾಹರಣೆಯೇ ಇದೆ. ಆದ್ಯ ವಚನಕಾರನೆಂದು ಹೆಸರಾದ ಜೇಡರ ದಾಸಿಮಯ್ಯ ವೃತ್ತಿಯಲ್ಲಿ ನೇಕಾರ. ಈಗಿನ ಯಾದಗಿರಿ ಜಿಲ್ಲೆಯ ಮುದನೂರಿನವನು. ಅವನ ಹೆಂಡತಿ ದುಗ್ಗಳೆ. ನೇಯ್ದ ಬಟ್ಟೆಯನ್ನು ಸಂತೆಗೆ ಒಯ್ದ ದಾಸಿಮಯ್ಯ, ಬೇಡಿ ಬಂದ ಮುದುಕನಿಗೆ ಅದನ್ನು ಕೊಟ್ಟುಬಿಟ್ಟ, ಆ ಮುದುಕ ಶಿವನೇ ಆಗಿದ್ದ ಎಂಬ ಕತೆಯನ್ನು ಜನ ಹೇಳುತ್ತಾ ಬಂದಿದ್ದಾರೆ. ದುಗ್ಗಳೆಯೂ ವಚನ ಬರೆದವಳು. ‘ಜೇಡ’ ಎಂದರೆ ನೇಕಾರ. ಅಂದರೆ ಕನ್ನಡದ ಈ ಹಿರಿಯ ಕವಿಯ ಹೆಸರಿನ ಮುಂದೆಯೇ ಅವನ ಕಸುಬು ಕೂತಿದೆ. ಆಮೇಲಿನ ಕಾಲದಲ್ಲಿ ಬಟ್ಟೆಯಿಂದ ನೇಕಾರನ ಹೆಸರು ಹೇಗೆ ಕಾಣೆಯಾಯಿತು ಎಂಬುದನ್ನು ಮುಂದೆ ನೋಡೋಣ.

ಬಲ್ಮಠದ ಮಗ್ಗ

ಕರಾವಳಿಯಲ್ಲಿ ನೇಯ್ಗೆ ಹಳೆಯದು. ಪದ್ಮಶಾಲಿಗಳು, ಅಂದರೆ ನಮ್ಮಲ್ಲಿ ಶೆಟ್ಟಿಗಾರರೆಂದು ಕರೆಯಲ್ಪಡುವವರು, ತಲೆತಲಾಂತರದಿಂದ ಮಗ್ಗ ನಡೆಸಿದವರು. ಆದರೆ ಇವತ್ತಿನ ಉಡುಪಿ ಸೀರೆ ಹುಟ್ಟುವ ಮಗ್ಗದ ಕತೆಗೆ ಮಂಗಳೂರಿನ ಬಲ್ಮಠಕ್ಕೆ ಹೋಗಬೇಕು.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಪತ್ರಿಕೋದ್ಯಮ ಓದಿದ ನಮಗೆ ಈ ಮಿಶನ್ನಿನ ಪರಿಚಯ ಬೇರೆ ಕಾರಣಕ್ಕೆ ಇದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೊಗ್ಲಿಂಗ್ 1843ರಲ್ಲಿ ಹೊರತಂದದ್ದು ಇಲ್ಲಿಂದಲೇ. ಪತ್ರಿಕೆ ಹುಟ್ಟಿದ ಮರುವರ್ಷದ ಸುಮಾರಿಗೆ ಅದೇ ಮಿಶನ್ನಿನವರು ನೇಯ್ಗೆಗೂ ಕೈಹಾಕಿದರು.

ಕಾರಣ ಸರಳ. ಮತಾಂತರವಾದವರನ್ನು ಮನೆಯವರು, ಜಾತಿಯವರು ಹೊರಗಿಟ್ಟರು. ಹಳೆಯ ಕಸುಬು, ಗೇಣಿ ಭೂಮಿ ಎರಡೂ ಕೈಬಿಟ್ಟವು. ಅವರಿಗೆ ಹೊಟ್ಟೆಪಾಡು ಬೇಕಿತ್ತು. ಮೊದಲ ಪ್ರಯತ್ನಗಳು ಹೆಚ್ಚು ಫಲ ಕೊಡಲಿಲ್ಲ. 1851ರಲ್ಲಿ ಜಾನ್ ಹಾಲರ್ ಎಂಬ ನುರಿತ ನೇಕಾರ ಯುರೋಪಿನಿಂದ ಬಂದ ಮೇಲೆ ಕೆಲಸ ಕುದುರಿತು.

ನಮ್ಮಲ್ಲಿದ್ದ ಹಳೆಯ ಮಗ್ಗ ನೆಲದಲ್ಲಿ ಗುಂಡಿ ತೋಡಿ, ಅದರಲ್ಲಿ ಕಾಲಿಳಿಬಿಟ್ಟು ಕೂರುವಂಥದ್ದು. ಮಳೆಗಾಲದಲ್ಲಿ ಒರತೆ ಏಳುವ ನಮ್ಮ ಊರಿನಲ್ಲಿ ಗುಂಡಿಯ ಪಾಡು ಹೇಗಿರುತ್ತದೆಂದು ನೀವೇ ಯೋಚಿಸಿ. ಹೊಸದು ನೆಲದ ಮೇಲೆ ನಿಲ್ಲುವ ಮರದ ಚೌಕಟ್ಟಿನ ಮಗ್ಗ. ಹಗ್ಗ ಎಳೆದರೆ ಲಾಳಿ ತಾನೇ ಅತ್ತಿಂದಿತ್ತ ಹಾರುತ್ತದೆ. ಲಾಳಿಯನ್ನು ಕೈಯಿಂದ ಕೈಗೆ ದಾಟಿಸುವ ಕೆಲಸ ತಪ್ಪಿದ್ದರಿಂದ ನೇಯ್ಗೆಯ ವೇಗವೂ ಬಟ್ಟೆಯ ಅಗಲವೂ ಹೆಚ್ಚಿದವು. ಈ ಜಾತಿಯ ಮಗ್ಗಕ್ಕೆ ‘ಮಲಬಾರ್ ಚೌಕಟ್ಟಿನ ಮಗ್ಗ’ ಎಂಬ ಹೆಸರು ನಿಂತಿತು. ಮಂಗಳೂರು, ಕಣ್ಣೂರು, ಕೋಝಿಕ್ಕೋಡಿನ ಕಾರ್ಖಾನೆಗಳಿಂದ ಅದು ಮೆಲ್ಲಗೆ ಮನೆಗಳಿಗೂ ಹರಡಿತು. ಉಡುಪಿ ಸೀರೆ ಇವತ್ತಿಗೂ ಇದೇ ಮಗ್ಗದಲ್ಲಿ ಹುಟ್ಟುತ್ತದೆ.

ಖಾಕಿ ಕಲಿಸುವ ಪಾಠ

ಹಾಲರ್ ಹೆಸರು ಇನ್ನೊಂದು ಕಾರಣಕ್ಕೂ ಪ್ರಸಿದ್ಧ. ಬಲ್ಮಠದ ನೇಯ್ಗೆ ಕಾರ್ಖಾನೆಯಲ್ಲಿ ಅವರು ಖಾಕಿ ಬಣ್ಣ ತಯಾರಿಸಿದರು, ಆ ಬಟ್ಟೆಯನ್ನು ಮೊದಲು ನಮ್ಮ ಜಿಲ್ಲೆಯ ಪೊಲೀಸರಿಗೆ ತೊಡಿಸಿದರು, ಆಮೇಲೆ ಅದು ಸೈನ್ಯಕ್ಕೆ ಹೋಯಿತು ಎಂದು ಮಂಗಳೂರಿನಲ್ಲಿ ಹೇಳುತ್ತಾರೆ. ಗೇರಿನ ಜಾತಿಯ ಮರದಿಂದ ಬಣ್ಣ ತೆಗೆದರು ಎಂಬ ಮಾತೂ ಇದೆ. ಇನ್ನೊಂದು ಕಡೆ, 1840ರ ದಶಕದಲ್ಲೇ ಪೇಶಾವರದ ಕಡೆಯ ಬ್ರಿಟಿಷ್ ಪಡೆಯೊಂದು ಮಣ್ಣು ಬಣ್ಣದ ಬಟ್ಟೆ ತೊಟ್ಟಿತ್ತು. ‘ಖಾಕಿ’ ಎಂಬ ಪದವೂ ಧೂಳು, ಮಣ್ಣು ಎಂಬ ಅರ್ಥದ ಪಾರಸಿ ಮೂಲದಿಂದ ಬಂದದ್ದು. ಹಾಗಾಗಿ ಖಾಕಿ ನಮ್ಮದೇ ಎಂದು ಎದೆ ತಟ್ಟುವ ಮೊದಲು ಎರಡೂ ಕತೆ ತಿಳಿದಿರಬೇಕು.

ನಮಗೆ ಮುಖ್ಯವಾದದ್ದು ಬೇರೆ. ಖಾಕಿ ಲೋಕವನ್ನೆಲ್ಲ ಸುತ್ತಿತು. ಹಾಲರ್ ಹೆಸರು ಪುಸ್ತಕದಲ್ಲಿ ಉಳಿಯಿತು. ಆ ಬಟ್ಟೆ ನೇಯ್ದ ಮಂಗಳೂರಿನ ಒಬ್ಬ ನೇಕಾರನ ಹೆಸರೂ ಜನರ ಬಾಯಲ್ಲಿ ಉಳಿಯಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರಕಾರ ಮಿಶನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಹೋದವು. ಕಾರ್ಖಾನೆ ಕೈ ಬದಲಾಯಿಸಿತು. ನೇಕಾರನ ಕೈಯಲ್ಲಿ ಉಳಿದದ್ದು ವಿದ್ಯೆ ಮಾತ್ರ.

ಪುತ್ತೂರಿನಿಂದ ಬಂದ ಸಹಕಾರ

ವಿದ್ಯೆ ಇದ್ದರೆ ಸಾಲದು, ನೂಲು ಕೊಳ್ಳಲು ಹಣ ಬೇಕು. ಬಟ್ಟೆಯ ಕೆಲಸದ ಕಷ್ಟವೆಲ್ಲ ಇರುವುದು ಇಲ್ಲೇ. ನೂಲಿಗೆ ಹಣ ಇವತ್ತು ಕೊಡಬೇಕು. ಬಣ್ಣಕ್ಕೂ ಇವತ್ತೇ. ಕೂಲಿಯನ್ನು ವಾರಕ್ಕೊಮ್ಮೆ ಕೊಡಬೇಕು. ಸೀರೆ ಮಾರಿ ಹಣ ಕೈಸೇರುವುದು ತಿಂಗಳುಗಳ ಮೇಲೆ. ಈ ನಡುವಿನ ಅಂತರ ತುಂಬುವವನೇ ಧಣಿ. ಹಳೆಯ ಕಾಲದಲ್ಲಿ ಸಾಹುಕಾರ ಆ ಅಂತರ ತುಂಬಿದ, ನೇಕಾರ ಅವನ ಸಾಲಗಾರನಾದ.

ಇದಕ್ಕೆ ಮದ್ದು ಸಹಕಾರ ಸಂಘ. ಈ ವಿಷಯದಲ್ಲಿ ನಮ್ಮ ಪುತ್ತೂರಿಗೆ ದೊಡ್ಡ ಹೆಸರಿದೆ. ಪುತ್ತೂರಿನಲ್ಲಿ ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು 1909ರಲ್ಲಿ ಅಲ್ಲಿ ಸಹಕಾರಿ ಸಂಘ ಕಟ್ಟಿದರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಪುತ್ತೂರಿನಲ್ಲೇ ಹುಟ್ಟಿತು. ಜಿಲ್ಲೆಯಲ್ಲಿ ಸಹಕಾರದ ಗಾಳಿ ಹಬ್ಬಿದಂತೆ ನೇಕಾರರೂ ತಮ್ಮ ಸಂಘಗಳನ್ನು ಕಟ್ಟಿಕೊಂಡರು. ಉಡುಪಿ, ಶಿವಳ್ಳಿ, ಬ್ರಹ್ಮಾವರ, ಕಿನ್ನಿಗೋಳಿಯ ಹತ್ತಿರದ ತಾಳಿಪಾಡಿ, ಹೀಗೆ. ಸಂಘ ನೂಲು ಕೊಡುತ್ತದೆ, ಕೂಲಿ ಕೊಡುತ್ತದೆ, ನೇಯ್ದದ್ದನ್ನು ತೆಗೆದುಕೊಂಡು ಮಾರುತ್ತದೆ. ನೇಕಾರ ಸಾಲದ ಭಯವಿಲ್ಲದೆ ಮಗ್ಗದಲ್ಲಿ ಕೂರಬಹುದು.

ಅದೇ ಕಾಲಕ್ಕೆ ಸ್ವದೇಶಿಯ ಗಾಳಿಯೂ ಬೀಸಿತು. 1905ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಸ್ವದೇಶಿ ಚಳವಳಿಯ ನೆನಪಿಗೆ ಈಗ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನ ಎಂದು ಆಚರಿಸುತ್ತಾರೆ. 1934ರ ಫೆಬ್ರುವರಿಯಲ್ಲಿ ಗಾಂಧೀಜಿ ಕೊಡಗಿನಿಂದ ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು ದಾಟಿ ಮಂಗಳೂರಿಗೆ ಹೋದರು. ಸ್ವಾತಂತ್ರ್ಯದ ಮೇಲೆ ದೇಶದ ಕೈಕಸುಬುಗಳಿಗೆ ಪೇಟೆ ಕಟ್ಟಿಕೊಟ್ಟ ಕಮಲಾದೇವಿ ಚಟ್ಟೋಪಾಧ್ಯಾಯರು ಹುಟ್ಟಿದ್ದು 1903ರಲ್ಲಿ, ಮಂಗಳೂರಿನಲ್ಲಿ. ನಮ್ಮ ಜಿಲ್ಲೆಗೂ ಕೈಮಗ್ಗಕ್ಕೂ ನಂಟು ಆಳವಾದದ್ದು.

ಉಡುಪಿ ಸೀರೆ ಎಂದರೆ ಏನು?

ನಮ್ಮ ಅಜ್ಜಿಯಂದಿರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ದಿನವೂ ಉಟ್ಟು, ಕಲ್ಲಿಗೆ ಬಡಿದು ಒಗೆದು, ಬಿಸಿಲಿಗೆ ಹಾಕುತ್ತಿದ್ದ ಹತ್ತಿ ಸೀರೆ. ಒಂದು ಬಣ್ಣದ ಒಡಲು, ಅದಕ್ಕೆ ಒಪ್ಪುವ ಬೇರೆ ಬಣ್ಣದ ಅಂಚು, ಸೆರಗು. ಕೆಲವದರಲ್ಲಿ ಚೌಕುಳಿ, ಕೆಲವದರಲ್ಲಿ ಸಣ್ಣ ಬುಟ್ಟ. ಹಗುರ. ನಮ್ಮ ಬೆವರಿನ ಊರಿಗೆ ಹೇಳಿ ಮಾಡಿಸಿದ್ದು.

ಹಾಸಿನ ನೂಲಿಗೆ ಅಕ್ಕಿಯ ಗಂಜಿ ಹಚ್ಚುವ ರೀತಿಯಲ್ಲಿ ಇದರ ವಿಶೇಷ ಇದೆ. ಮಗ್ಗಕ್ಕೆ ಏರಿಸಿದ ಹಾಸಿಗೇ ಸ್ವಲ್ಪ ಸ್ವಲ್ಪವಾಗಿ ಗಂಜಿ ಹಚ್ಚಿ, ಒಣಗಿಸಿ, ಅಷ್ಟನ್ನು ನೇಯ್ದು, ಮತ್ತೆ ಮುಂದಿನ ತುಂಡಿಗೆ ಹಚ್ಚುತ್ತಾರೆ. ಹೀಗಾಗಿ ಕೆಲಸ ನಿಧಾನ, ಆದರೆ ಬಟ್ಟೆ ಮೈಗೆ ಒಗ್ಗುತ್ತದೆ, ಬಾಳಿಕೆ ಬರುತ್ತದೆ.

ಅಂಗಡಿಯಲ್ಲಿ ‘60 ಕೌಂಟ್, 80 ಕೌಂಟ್’ ಎನ್ನುವುದನ್ನು ಕೇಳಿರುತ್ತೀರಿ. ಇದು ನೂಲು ಎಷ್ಟು ನಯ ಎಂಬುದರ ಲೆಕ್ಕ. ಒಂದು ಲಡಿಯಲ್ಲಿ 840 ಗಜ ನೂಲು. ಒಂದು ಪೌಂಡು, ಅಂದರೆ ಸುಮಾರು 454 ಗ್ರಾಂ ತೂಕಕ್ಕೆ ಇಂಥ 80 ಲಡಿ ಬಂದರೆ ಅದು 80 ಕೌಂಟ್. ಗುಣಿಸಿದರೆ 67,200 ಗಜ, ಸುಮಾರು 61 ಕಿಲೋಮೀಟರ್. ಅರ್ಧ ಕಿಲೋಗೂ ಕಡಿಮೆ ನೂಲನ್ನು ಹೆಚ್ಚುಕಡಿಮೆ ಸಂಪಾಜೆಯಿಂದ ಪುತ್ತೂರಿನವರೆಗೆ ಎಳೆಯಬಹುದು! ಅಷ್ಟು ನಯದ ಎಳೆ ಕಡಿಯದಂತೆ ನೇಯುವುದೇ ವಿದ್ಯೆ.

ಮಗ್ಗ ನಿಂತದ್ದು ಹೇಗೆ

ನೈಲಾನ್ ಬಂತು, ಪಾಲಿಸ್ಟರ್ ಬಂತು. ಗಂಜಿ ಬೇಡ, ಇಸ್ತ್ರಿ ಬೇಡ, ಬಣ್ಣ ಹೋಗುವುದಿಲ್ಲ, ಬೆಲೆಯೂ ಕಡಿಮೆ. ಹೆಂಗಸರು ಅದನ್ನು ಮೆಚ್ಚಿದ್ದರಲ್ಲಿ ತಪ್ಪಿಲ್ಲ. ಅದರ ಹಿಂದೆಯೇ ವಿದ್ಯುತ್ ಮಗ್ಗ ಬಂತು. ಕೈಮಗ್ಗದ ಸೀರೆಯ ನಮೂನೆಯನ್ನೇ ನಕಲು ಮಾಡಿ ಅಗ್ಗಕ್ಕೆ ಕೊಟ್ಟಿತು. ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗದಲ್ಲಿ ಮಾತ್ರ ನೇಯಬೇಕೆಂದು 1985ರಲ್ಲಿ ಕೇಂದ್ರ ಸರಕಾರ ಕಾನೂನು ಮಾಡಿತು. ಮೊದಲು 22 ಬಗೆ ಇದ್ದ ಪಟ್ಟಿ ಆಮೇಲೆ 11ಕ್ಕೆ ಇಳಿಯಿತು. ಕಾನೂನು ಇದ್ದರೂ ನಕಲು ನಿಲ್ಲಲಿಲ್ಲ.

ನೇಕಾರರ ಮಕ್ಕಳು ಓದಿದರು, ಮುಂಬೈಗೆ ಹೋದರು, ಗಲ್ಫಿಗೆ ಹೋದರು. ಹೆಣ್ಣುಮಕ್ಕಳಿಗೆ ಬೀಡಿ ಕಟ್ಟುವ ಕೆಲಸ ಮನೆಬಾಗಿಲಲ್ಲೇ ಸಿಕ್ಕಿತು. ದಿನವಿಡೀ ಮಗ್ಗದಲ್ಲಿ ಕೂತವನಿಗಿಂತ ತೋಟದ ಕೂಲಿಯವನು ಹೆಚ್ಚು ತರುವ ಕಾಲ ಬಂದ ಮೇಲೆ ಮಗನಿಗೆ ಮಗ್ಗ ಕಲಿಸಲು ಯಾವ ಅಪ್ಪನಿಗೆ ಮನಸ್ಸು ಬರುತ್ತದೆ? ಸಂಘಗಳು ಲುಂಗಿ, ಬೈರಾಸು ನೇಯಿಸಿ ದಿನ ದೂಡಿದವು.

ಇಷ್ಟರ ನಡುವೆ ಒಂದು ಒಳ್ಳೆಯ ಸುದ್ದಿ ಬಂತು. 2016ರಲ್ಲಿ ಉಡುಪಿ ಸೀರೆಗೆ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು ಸಿಕ್ಕಿತು. ವಿಚಿತ್ರ ನೋಡಿ. ಹೆಸರಿಗೆ ಕಾನೂನಿನ ರಕ್ಷಣೆ ಬಂದಾಗ ಆ ಹೆಸರಿನ ಸೀರೆ ನೇಯುವವರು ತೀರಾ ಕಡಿಮೆ ಉಳಿದಿದ್ದರು, ಅವರಲ್ಲೂ ಹೆಚ್ಚಿನವರು ವಯಸ್ಸಾದವರು.

ಕಾರ್ಕಳದ ದಂಪತಿ ಮಾಡಿದ್ದೇನು

ಇಲ್ಲಿಗೆ ಬಂದರು ಕದಿಕೆ ಟ್ರಸ್ಟಿನ ಮಮತಾ ರೈ ಮತ್ತು ಬಿ.ಸಿ. ಶೆಟ್ಟಿ ದಂಪತಿ. ಇವರು ಮಗ್ಗದ ಮನೆಯಲ್ಲಿ ಹುಟ್ಟಿದವರಲ್ಲ, ಬಟ್ಟೆ ಗಿರಣಿಯ ಧಣಿಗಳೂ ಅಲ್ಲ. ಅವರು ನಡೆದ ದಾರಿಯನ್ನು ನಾವು ಮುಖ್ಯವೆಂದು ನೋಡುವುದು ಇದಕ್ಕಾಗಿಯೇ.

ಮೊದಲು ಅವರು ತಲೆ ಎಣಿಸಿದರು. ಎರಡು ಜಿಲ್ಲೆಗಳ ನೇಕಾರ ಸಂಘಗಳಲ್ಲಿ ಯಾರು ಉಳಿದಿದ್ದಾರೆ, ವಯಸ್ಸೆಷ್ಟು, ಯಾವ ಮಗ್ಗ ನಡೆಯುತ್ತಿದೆ ಎಂದು ತಿಳಿದುಕೊಂಡರು. ನಾವು ಸಾಧಾರಣವಾಗಿ ಮೊದಲು ಹೆಸರು ಇಟ್ಟು, ಲೋಗೋ ಮಾಡಿಸಿ, ಆಮೇಲೆ ಬಟ್ಟೆ ಎಲ್ಲಿಂದ ತರುವುದೆಂದು ಯೋಚಿಸುತ್ತೇವೆ. ಇವರದ್ದು ತಿರುಗುಮುರುಗು.

ಎರಡನೆಯದಾಗಿ, ಹೊಸ ಕಾರ್ಖಾನೆ ಕಟ್ಟಲು ಹೊರಡಲಿಲ್ಲ. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಜೊತೆ ನಿಂತು 2018ರಲ್ಲಿ ಕೆಲಸ ಶುರು ಮಾಡಿದರು. ಮಗ್ಗ, ಕಟ್ಟಡ, ಸಂಘದ ಲೆಕ್ಕಪತ್ರ, ಹಿರಿಯರ ವಿದ್ಯೆ ಎಲ್ಲ ಅಲ್ಲಿ ಇತ್ತು. ಇಲ್ಲದ್ದು ಪೇಟೆ ಮತ್ತು ಹುರುಪು. ಅದನ್ನು ಇವರು ತಂದರು. ಕಡಿಮೆ ಹಣದಲ್ಲಿ ದೊಡ್ಡ ಕೆಲಸ ಮಾಡುವ ಗುಟ್ಟು ಇದೇ ಎಂದು ನಮಗೆ ಅನಿಸುತ್ತದೆ.

ಮೂರನೆಯದು ಕಲಿಸುವುದು. ವಯಸ್ಸಾದವರು ಕೈಬಿಡುವ ಮೊದಲು ಕಿರಿಯರು ಕಲಿಯಬೇಕು. ನಬಾರ್ಡ್ ನೆರವಿನಲ್ಲಿ ತಾಳಿಪಾಡಿಯಲ್ಲಿ ತರಬೇತಿ ನಡೆಯಿತು. ಬೇರೆ ಜಾತಿಯ, ಬೇರೆ ಮನೆತನದ ಹೆಣ್ಣುಮಕ್ಕಳೂ ಮಗ್ಗಕ್ಕೆ ಬಂದರು. ಒಂದು ಕಾಲದಲ್ಲಿ ಕಂಡಿಕೆ ಸುತ್ತಿ ಕೊಡುವುದಕ್ಕೇ ಸೀಮಿತವಾಗಿದ್ದ ಕೈಗಳು ಈಗ ಲಾಳಿ ಹಾಯಿಸುತ್ತಿವೆ.

ನಾಲ್ಕನೆಯದು ನಮ್ಮ ಮನಸ್ಸಿಗೆ ಹೆಚ್ಚು ಹಿಡಿಸಿದ್ದು. ಸೀರೆಗೆ ಅಂಟಿಸುವ ಚೀಟಿಯಲ್ಲಿ ಅದನ್ನು ನೇಯ್ದವರ ಹೆಸರು, ಫೋಟೋ ಹಾಕಿದರು. ಖಾಕಿಯ ಕಾಲದಲ್ಲಿ ಕಳೆದುಹೋದದ್ದು ಒಂದು ಸಣ್ಣ ಕಾಗದದ ಮೇಲೆ ಮರಳಿ ಬಂತು. ಉಡುವವರಿಗೆ ಇದು ಇಂಥವರು ನೇಯ್ದ ಸೀರೆ ಎಂದು ಗೊತ್ತಾಗುತ್ತದೆ. ನೇಯ್ದವರಿಗೆ ತಮ್ಮ ಮುಖ ಹೊತ್ತ ಸೀರೆ ಊರು ಬಿಟ್ಟು ಹೋಗುವ ಹೆಮ್ಮೆ. ಅದು ಕೂಲಿಯ ಬದಲಿಗೆ ಸಿಗುವಂಥದ್ದಲ್ಲ, ಕೂಲಿಯ ಜೊತೆಗೆ ಸಿಗಬೇಕಾದದ್ದು.

ಅಡಿಕೆ ಚೊಗರಿನ ಬಣ್ಣ

ಅಡಿಕೆ ಬೆಳೆಯುವ ನಮಗೆ ಆಸಕ್ತಿ ಹುಟ್ಟಿಸುವ ಸಂಗತಿ ಮತ್ತೊಂದಿದೆ. ಮಲೆನಾಡಿನಲ್ಲಿ ಹಸಿ ಅಡಿಕೆ ಸುಲಿದು ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ಬೇಯಿಸಿದ ಮೇಲೆ ಉಳಿಯುವ ಗಟ್ಟಿ ಕೆಂಪು ನೀರೇ ಚೊಗರು. ಅದರಿಂದ ಹತ್ತಿ ನೂಲಿಗೆ ಬಣ್ಣ ಕಟ್ಟಬಹುದು. ಸಾಗರ ತಾಲೂಕಿನ ಹೆಗ್ಗೋಡಿನ ಹತ್ತಿರ, ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರು 1990ರ ದಶಕದಲ್ಲಿ ಕಟ್ಟಿದ ಮಹಿಳೆಯರ ಸಹಕಾರ ಸಂಘ ‘ಚರಕ’ ಈ ಬಣ್ಣವನ್ನು ಹೆಸರುವಾಸಿ ಮಾಡಿತು. ಕದಿಕೆ ಟ್ರಸ್ಟ್ ಕೂಡ ಚೊಗರಿನ ಬಣ್ಣದ ಉಡುಪಿ ಸೀರೆ ತಂದಿತು.

ನಮ್ಮ ಸುಳ್ಯ, ಪುತ್ತೂರಿನಲ್ಲಿ ಹೆಚ್ಚಾಗಿ ಮಾಡುವುದು ಚಾಲಿ. ಹಣ್ಣಡಿಕೆಯನ್ನು ಅಂಗಳದಲ್ಲಿ ಒಣಗಿಸುವ ನಮಗೆ ಚೊಗರು ತಾನಾಗಿ ಸಿಗುವುದಿಲ್ಲ. ಹಾಗಾಗಿ ನಾಳೆಯೇ ಬಣ್ಣದ ವ್ಯಾಪಾರ ಶುರು ಮಾಡಿ ಎಂದು ನಾವು ಹೇಳುತ್ತಿಲ್ಲ. ಆದರೆ ಮಲೆನಾಡಿನವರು ಅಡಿಕೆ ಬೇಯಿಸಿದ ನೀರನ್ನೂ ಬೆಲೆಯುಳ್ಳ ವಸ್ತು ಮಾಡಿದರು ಎಂಬುದು ಯೋಚಿಸಬೇಕಾದ ಮಾತು.

ಚರಕದ ಕತೆಯಲ್ಲಿ ಎಚ್ಚರಿಕೆಯೂ ಇದೆ. ಹೆಸರು, ಅಂಗಡಿ, ಗಿರಾಕಿ ಎಲ್ಲ ಇದ್ದ ಆ ಸಂಸ್ಥೆಯೇ 2020ರಲ್ಲಿ ಮಾರಾಟ ನಿಂತು ಕಷ್ಟಕ್ಕೆ ಸಿಕ್ಕಿತು. ದಾಸ್ತಾನು ರಾಶಿ ಬಿದ್ದರೆ ಒಳ್ಳೆಯ ಬಟ್ಟೆಯೂ ಸಾಲವೇ. ಮೇಲೆ ಹೇಳಿದ ನೂಲು, ಕೂಲಿ, ಮಾರಾಟದ ನಡುವಿನ ಅಂತರ ಯಾರನ್ನೂ ಬಿಡುವುದಿಲ್ಲ.

ತಮ್ಮದಲ್ಲದ ಹೆಸರು

ಬಟ್ಟೆಯ ಉದ್ಯಮ ಕಟ್ಟುವವರು ಒಂದು ವ್ಯತ್ಯಾಸ ತಿಳಿದಿರಬೇಕು. ಟ್ರೇಡ್‌ಮಾರ್ಕ್ ಒಬ್ಬರ ಸ್ವತ್ತು. ನೀವು ನೋಂದಾಯಿಸಿದ ಹೆಸರನ್ನು ನೀವೇ ಬಳಸಬಹುದು, ಮಾರಲೂಬಹುದು. ಜಿಐ ಹಾಗಲ್ಲ. ಅದು ಆ ಊರಿನ, ಆ ವಿದ್ಯೆಯ, ಅಲ್ಲಿನ ಎಲ್ಲ ನೇಕಾರರ ಸ್ವತ್ತು. ‘ಉಡುಪಿ ಸೀರೆ’ ಎಂಬ ಹೆಸರನ್ನು ಯಾರೂ ತಮ್ಮ ಮನೆಯ ಆಸ್ತಿ ಮಾಡಿಕೊಳ್ಳಲಾಗದು. ಅರ್ಹ ನೇಕಾರರು, ಸಂಘಗಳು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡು ಅದನ್ನು ಬಳಸಬಹುದು, ಅಷ್ಟೇ.

ಅಂದರೆ ಕಾರ್ಕಳದ ದಂಪತಿ ವರ್ಷಗಟ್ಟಲೆ ದುಡಿದು ಬೆಳೆಸಿದ್ದು ತಮ್ಮದಾಗಲಾರದ ಹೆಸರನ್ನು. ಅದರ ಫಲ ನಾಳೆ ಅವರ ಪರಿಚಯವೇ ಇಲ್ಲದ ಶಿವಳ್ಳಿಯ ನೇಕಾರನಿಗೂ ಸಿಗಬಹುದು. ವ್ಯಾಪಾರದ ಕಣ್ಣಿಗೆ ಇದು ನಷ್ಟದಂತೆ ಕಾಣಬಹುದು. ನಮಗೆ ಹಾಗೆ ಕಾಣುವುದಿಲ್ಲ. ಅವರು ಹೊಸ ಹೆಸರನ್ನು ಸೊನ್ನೆಯಿಂದ ಕಟ್ಟಬೇಕಾಗಲಿಲ್ಲ. ನಮ್ಮ ಅಜ್ಜಿಯಂದಿರು ಉಟ್ಟು ಒಗೆದು ನಂಬಿಕೆ ಗಳಿಸಿಕೊಟ್ಟ ಹೆಸರು ಅಲ್ಲಿತ್ತು. ಸಣ್ಣ ಬಂಡವಾಳದವರಿಗೆ ಹೀಗೆ ಊರು ಕೂಡಿಟ್ಟ ನಂಬಿಕೆಗಿಂತ ದೊಡ್ಡ ಬಂಡವಾಳ ಇಲ್ಲ.

ಎಲ್ಲ ಸರಿಹೋಯಿತು ಎಂದಲ್ಲ. ಕೂಲಿಯ ಪ್ರಶ್ನೆ ಇನ್ನೂ ಇದೆ. ಕೈಮಗ್ಗದ ಸೀರೆಗೆ ಹೆಚ್ಚು ಬೆಲೆ ಎಂದು ಮುಖ ತಿರುಗಿಸುವವರು ನಮ್ಮಲ್ಲೇ ಇದ್ದೇವೆ. ನೇಯ್ದವರಿಗೆ ತೋಟದ ಕೂಲಿಯಷ್ಟಾದರೂ ಸಿಗಬೇಕೆಂದರೆ ಸೀರೆಯ ಬೆಲೆ ಇಳಿಯಲಾರದು. ಕಲಿತವರು ಮಗ್ಗದಲ್ಲಿ ಉಳಿಯುತ್ತಾರೋ ಇಲ್ಲವೋ ಎಂಬುದು ನಿಂತಿರುವುದೂ ಇದರ ಮೇಲೆಯೇ.

ಸಂಪಾಜೆಯಲ್ಲಿ ಕೂತು ಬಟ್ಟೆಯ ಕನಸು ಕಾಣುವ ದಂಪತಿಗಳಿಗೆ ಈ ಚರಿತ್ರೆಯಿಂದ ಕೆಲವು ಮಾತು. ಹೆಸರು ಇಡುವ ಮೊದಲು ನಿಮ್ಮೂರಿನಲ್ಲಿ ಹೊಲಿಗೆ, ಕಸೂತಿ, ನೇಯ್ಗೆ ಬಲ್ಲವರು ಯಾರಿದ್ದಾರೆಂದು ಎಣಿಸಿ. ಇರುವ ಸ್ವಸಹಾಯ ಗುಂಪು, ಸಹಕಾರ ಸಂಘದ ಜೊತೆ ನಿಲ್ಲಿ. ಮಾರಾಟ ಕಾಣುವ ಮೊದಲು ದಾಸ್ತಾನು ರಾಶಿ ಹಾಕಬೇಡಿ. ಹೊಲಿದವರ ಹೆಸರನ್ನು ಚೀಟಿಯಲ್ಲಿ ಹಾಕಿ, ಅದಕ್ಕೆ ಖರ್ಚಾಗುವುದು ಒಂದು ತುಂಡು ಕಾಗದ.

ಉಳಿದ ನಾವೆಲ್ಲ ಮದುವೆಗೋ ಹಬ್ಬಕ್ಕೋ ಸೀರೆ ತೆಗೆಯಲು ಹೋದಾಗ ಒಂದು ಪ್ರಶ್ನೆ ಕೇಳಬಹುದು. ಇದನ್ನು ನೇಯ್ದವರು ಯಾರು? ಹತ್ತು ಅಂಗಡಿಗಳಲ್ಲಿ ಉತ್ತರ ಸಿಗಲಿಕ್ಕಿಲ್ಲ. ಕೇಳುವವರು ಹೆಚ್ಚಾದರೆ ಹನ್ನೊಂದನೆಯ ಅಂಗಡಿಯವರು ಉತ್ತರ ಇಟ್ಟುಕೊಂಡೇ ಕೂರುತ್ತಾರೆ.